ಪೂಜೆಗಿಟ್ಟ ಕೀಲಿಕೈ

ರೇಣುಕಾಳ ಮೇಲೆ ಕಳವಿನ ಮಾತು ಬಂದದ್ದು ನನ್ನಿಂದ ಎಂದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಗೊತ್ತಾಗುವ ಮೊದಲು ಮಾಡಿದ್ದು ತಪ್ಪು, ಗೊತ್ತಾದ ಮೇಲೆ ಸುಮ್ಮನಿದ್ದದ್ದು ಪಾಪ. ಎರಡಕ್ಕೂ ಇರುವ ಅಂತರ ತಿಳಿಯಲು ಏಳನೇ ಇಯತ್ತೆ ಸಾಕು. ನಾನು ಅಷ್ಟು ಕಲಿತಿದ್ದೇನೆ.

ಈ ವರ್ಷ ಮಹಾನವಮಿಯ ದಿನ ಆಯುಧಗಳ ಖಂಡೇಪೂಜೆಗೆಂದು ತಂಗಿ ಶೈಲಾ ತನ್ನ ಲ್ಯಾಪ್‌ಟಾಪನ್ನು ತಂದು ದೇವರ ಜಗುಲಿಯ ಮುಂದಿಟ್ಟಳು. ಬಾಜೂಕೆ ನನ್ನ ಕುಡಗೋಲು, ಕೂರಿಗೆಯ ತಾಳು, ಮೋಟರ್‌ಸೈಕಲ್ಲು ಬಿಚ್ಚುವ ಪಾನಾ, ಅವ್ವನ ಈಳಿಗೆ. ಯಂತ್ರ ಅದೇ ಆಗ ಕೆಲಸ ಮುಗಿಸಿ ಬಂದದ್ದು, ಇನ್ನೂ ಬಿಸಿಯಿತ್ತು. ಅವ್ವ ಅದರ ಮೇಲೆ ಇಟ್ಟ ಚೆಂಡುಹೂ ಬಾಡತೊಡಗಿತು. ವಿಭೂತಿ, ಬಾಡುವ ಹೂ, ಬಿಸಿ ಪ್ಲಾಸ್ಟಿಕ್ಕು ಮೂರೂ ಕೂಡಿದ ಒಂದು ವಾಸನೆ ಇದೆ. ಅದು ಮೂಗಿಗೆ ಬಡಿದದ್ದೇ ನಾನು ಎದ್ದು ಹಿತ್ತಲಿಗೆ ಹೋಗಿ ನಿಂತೆ. ಹಿಂದೊಂದು ವರ್ಷದ ಆ ಹಿಂಗಾರಿಯ ದಿನಗಳು ಇದೇ ವಾಸನೆಯಿಂದ ಶುರುವಾಗಿದ್ದವು.

ಆ ವರ್ಷ ಮಳೆ ಹಿಂದೆ ಬಿದ್ದು ಬಂತು. ಅಣ್ಣಿಗೇರಿಯ ಸುತ್ತ ಹೆಸರು ಕಿತ್ತ ಹೊಲಗಳಲ್ಲಿ ಜೋಳ ಬಿತ್ತಲು ಹದ ಸಿಗದೆ ಎಲ್ಲರೂ ಆಕಾಶ ನೋಡುತ್ತಿದ್ದರು. ಎರೆಮಣ್ಣು ಮೆಟ್ಟಿಗೆ ಅಂಟಿ ಪ್ರತಿ ಹೆಜ್ಜೆಗೂ ಕಾಲು ಒಂದು ಸೇರು ಭಾರವಾಗುತ್ತಿತ್ತು. ಹೊಲದಲ್ಲಿ ಕೆಲಸವಿಲ್ಲದ್ದರಿಂದ ನಾನು ಪೂರ್ತಿಯಾಗಿ ತಂಗಿಯ ಕೆಲಸಕ್ಕೆ ನಿಂತಿದ್ದೆ.

ಶೈಲಾ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಬಂದವಳು. ನಮ್ಮ ಪಡಸಾಲೆಯಲ್ಲೇ ಮೇಜು ಹಾಕಿಕೊಂಡು ವಧು-ವರರ ಜಾಲತಾಣವೊಂದನ್ನು ಮಾಡಿದ್ದಳು. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಮನೆಗಳವರು ಮಗನದೋ ಮಗಳದೋ ಫೋಟೋ, ವಿದ್ಯೆ, ಮನೆತನ ಎಲ್ಲ ಕೊಡುತ್ತಿದ್ದರು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುತ್ತಿತ್ತು. ನಾನು ಊರೂರಿಗೆ ಹೋಗಿ ಮನೆಯವರ ಹತ್ತಿರ ಕೂತು, ಚಹಾ ಕುಡಿದು, ಫೋಟೋ ತೆಗೆದು ಫೋನಿನಿಂದಲೇ ಕಳಿಸುತ್ತಿದ್ದೆ. ರೇಣುಕಾ ಅದನ್ನು ಚೊಕ್ಕ ಮಾಡಿ, ಮೂಲೆಯಲ್ಲಿ ನಮ್ಮ ಗುರುತು ಹಚ್ಚಿ ಒಳಗೆ ಸೇರಿಸುತ್ತಿದ್ದಳು.

ರೇಣುಕಾ ನಮ್ಮ ಹಿಂದಿನ ಓಣಿಯವಳು, ಶೈಲಾಳ ಜೊತೆ ಕನ್ನಡ ಶಾಲೆಯಿಂದಲೂ ಓದಿದವಳು. ಅವಳ ಮನೆಯವರು ಬುದ್ಧನಿಗೆ ನಡೆದುಕೊಳ್ಳುವವರು. ತಂದೆ ಇರಲಿಲ್ಲ. ತಾಯಿ ಗಂಗವ್ವನಿಗೆ ಕಿವಿ ಮಂದ, ಕೂಗಿ ಹೇಳಿದರಷ್ಟೇ ಕೇಳುತ್ತಿತ್ತು. ಹೀಗಾಗಿ ಅವರ ಮನೆಯ ಗುಟ್ಟೆಲ್ಲ ಓಣಿಗೆ ಗೊತ್ತು ಎಂದು ರೇಣುಕಾ ತಾನೇ ನಗುತ್ತಿದ್ದಳು. "ನಮ್ಮ ಮನ್ಯಾಗ ಉಪ್ಪ ಮುಗದ್ರ ಮೂರ ಮನಿಯಾವ್ರು ತಂದ ಕೊಡ್ತಾರ್ರಿ" ಎನ್ನುತ್ತಿದ್ದಳು.

ಫೋಟೋಗಳು ನಮ್ಮ ಲ್ಯಾಪ್‌ಟಾಪಿನಲ್ಲಿ ಇರುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಒಂದು ಕಂಪನಿಯ ಕಂಪ್ಯೂಟರಿನಲ್ಲಿ ಬಾಡಿಗೆಗೆ ಜಾಗ ಹಿಡಿದಿದ್ದಳು ತಂಗಿ. ಕ್ಲೌಡ್ ಅಂತಾರೆ. ಅಲ್ಲಿ ಎರಡು ಕೋಣೆ ಇದ್ದಂತೆ. ನಾನು ಕಳಿಸಿದ ಫೋಟೋ ಮೊದಲು ಹೊರಗಿನ ತಾತ್ಕಾಲಿಕ ಕೋಣೆಗೆ ಬಂದು ಬೀಳುತ್ತಿತ್ತು. ಹುಡುಗಿಯ ಹೆಸರು, ಊರು, ಯಾರ ಮನೆಗೆ ಕೇಳಿದ್ದಾರೆ, ಅವರು ಏನಂದರು, ಎಲ್ಲವೂ ಅದಕ್ಕೆ ಅಂಟಿಕೊಂಡೇ. ರೇಣುಕಾ ಬೇಕಾದದ್ದಷ್ಟನ್ನು ತೆಗೆದು ಒಳಗಿನ ಕೋಣೆಗೆ ಹಾಕಿದ ಮೇಲೆ ಹೊರಗಿನದನ್ನು ಅಳಿಸಿಬಿಡಬೇಕು.

"ಅಣ್ಣಾ, ಇದು ಮನಿ ಮುಂದಿನ ಕಟ್ಟಿ ಇದ್ದಂಗ. ಬಂದಾವ್ರು ಒಂದ ಗಳಿಗಿ ಕುಂದರ್ತಾರ. ಸಂಜೀಕ ದೀಪಾ ಹಚ್ಚೂದರಾಗ ಕಟ್ಟಿ ಖಾಲಿ ಇರಬೇಕು" ಎಂದಿದ್ದಳು ಶೈಲಾ.

"ತಾನ ಖಾಲಿ ಆಗೂಹಂಗ ಏನರ ಮಾಡಾಕ ಬರ್ತದೇನು?"

"ಬರ್ತದ. ಒಂದ ನಿಯಮ ಹಾಕಿದ್ರ ಒಂದ ದಿನಕ್ಕ ತಾನ ಅಳಿಸಿ ಹೊಕ್ಕಾವು. ಹಾಕಲೇನು?"

ಬೇಡವೆಂದವನು ನಾನು. ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ಒಬ್ಬರು ಗೌಡರು ಮಗಳ ಫೋಟೋ ಮತ್ತೆ ಕೇಳಿದಾಗ ನನ್ನಲ್ಲಿ ಇರಲಿಲ್ಲ, ಊರ ಕಟ್ಟೆಯ ಮೇಲೆ ನನ್ನ ಮಾನ ಹೋಗುವಂತೆ ಬೈದಿದ್ದರು. ಆಮೇಲೆ ನಮ್ಮ ಅಪ್ಪನ ಮಾತೂ ತಲೆಯಲ್ಲಿತ್ತು. ಹಗೇವು ಗೊತ್ತಲ್ಲ, ಕಾಳು ತುಂಬಿ ಮೇಲೆ ಮಣ್ಣು ಮುಚ್ಚುವ ನೆಲದೊಳಗಿನ ಕಣಜ. ಅಪ್ಪ ಅದನ್ನು ಎಂದೂ ಪೂರಾ ಬಳಿಯಗೊಡುತ್ತಿರಲಿಲ್ಲ. ತಳ ಕಂಡರೆ ಮನೆತನಕ್ಕೆ ಒಳಿತಲ್ಲ ಎಂದು ಒಂದು ಬೊಗಸೆಯಾದರೂ ಬಿಡಿಸುತ್ತಿದ್ದ. ನಮ್ಮ ಹಗೇವು ಮುಚ್ಚಿಹೋಗಿ ಎಷ್ಟೋ ಕಾಲವಾಯಿತು, ಆ ಬುದ್ಧಿ ಮಾತ್ರ ಉಳಿದಿತ್ತು.

"ದಿನಾ ಸಂಜೀಕ ನಾನ ಅಳಿಸ್ತೇನ ತಗೋ" ಎಂದೆ. ಒಂದಷ್ಟು ದಿನ ಅಳಿಸಿದೆ. ಆಮೇಲೆ ಅಳಿಸಿದೆ ಎಂದು ಹೇಳುತ್ತಿದ್ದೆ. ಅವಳು ಅದನ್ನು ಕಟ್ಟೆ ಎಂದಳು, ನಾನು ಅದನ್ನು ಹಗೇವು ಮಾಡಿದೆ.

ಆ ಕೋಣೆಗಳಿಗೆ ಹೋಗಲು ಒಂದು ಕೀಲಿಕೈ ಬೇಕು. ಕೈಯಲ್ಲಿ ಹಿಡಿಯುವಂಥದಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಒಂದು ಉದ್ದನೆಯ ಸಾಲು. ಅದು ಯಾರ ಬಳಿ ಇದ್ದರೂ ಆ ದೂರದ ಕಂಪ್ಯೂಟರು ಅವರನ್ನು ಮನೆಯ ಯಜಮಾನ ಎಂದೇ ತಿಳಿಯುತ್ತದೆ, ಮುಖ ನೋಡುವುದಿಲ್ಲ. ನಾವು ಮೂವರೂ ಅದೊಂದನ್ನೇ ಬಳಸುತ್ತಿದ್ದೆವು.

ಆ ವರ್ಷದ ಮಹಾನವಮಿಯ ಬೆಳಿಗ್ಗೆ ಶೈಲಾ ಹೊಸ ಕೀಲಿಕೈ ಮಾಡಿದಳು. "ಹಬ್ಬಕ್ಕ ಮನಿ ತೊಳದಂಗ ಇದನ್ನೂ ಆಗಾಗ ಬದಲಿ ಮಾಡಬೇಕು" ಎಂದಳು. ಹೊಸದನ್ನು ಆ ಕಂಪನಿ ಒಂದೇ ಸಲ ತೋರಿಸುತ್ತದಂತೆ. ಪುಟ ಮುಚ್ಚಿದರೆ ಮತ್ತೆ ಕೇಳಿದರೂ ತೋರಿಸುವುದಿಲ್ಲ. ಅವಳು ಅದನ್ನು ಜಾಲತಾಣಕ್ಕೆ ಹಚ್ಚಿ, ನಮ್ಮಿಬ್ಬರಿಗೆ ಆಮೇಲೆ ಕೊಡಲೆಂದು ಆ ಪುಟ ಹಾಗೇ ಬಿಟ್ಟು, ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿ ನನ್ನ ಕೈಗೆ ಕೊಟ್ಟಳು. "ಮುಚ್ಚಳ ತಗೀಬ್ಯಾಡ. ಮ್ಯಾಲಷ್ಟ ವಿಭೂತಿ ಹಚ್ಚು" ಎಂದು ಹೋಳಿಗೆ ಬಡಿಯಲು ಒಳಗೆ ಹೋದಳು.

ಜಗುಲಿಯ ಮುಂದೆ ಇಟ್ಟೆ. ಕುಡಗೋಲು ಮಿಂಚುತ್ತಿತ್ತು, ಈಳಿಗೆ ಮಿಂಚುತ್ತಿತ್ತು, ಇದೊಂದು ಕರಿಯ ಹಲಗೆಯಂತೆ ಬಿದ್ದಿತ್ತು. ಮನೆಗೆ ಹೆಸರು ತಂದದ್ದು ಇದೇ, ಇದಕ್ಕೇ ಕಳೆ ಇಲ್ಲವಲ್ಲ ಅನ್ನಿಸಿತು. ಮುಚ್ಚಳ ಎತ್ತಿದೆ. ಒಳಹೋಗುವ ಗುಪ್ತಪದ ನನಗೂ ಗೊತ್ತಿತ್ತು, ಒತ್ತಿದೆ. ಪರದೆ ಬೆಳಗಿತು. ಬಿಳಿಯ ಪುಟ, ಅದರ ಮೇಲೆ ಒಂದಿಷ್ಟು ಇಂಗ್ಲಿಷು. ನಾನು ಓದುವ ಗೊಡವೆಗೆ ಹೋಗಲಿಲ್ಲ. ಪರದೆಯ ಮೇಲಂಚಿಗೆ ಮೂರು ಬೆರಳಿನ ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಎರಡೂ ಬದಿಗೆ ಚೆಂಡುಹೂ ಇಟ್ಟೆ. ದೇವರ ಸಮೀಪ ಬೆಳಕು ಬಂದಂತೆ ಆಯಿತು. ಫೋನು ತೆಗೆದು ಹತ್ತಿರದಿಂದ ಒಂದು ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿದೆ. "ನಮ್ಮ ಕಾಯಕದ ಖಂಡೇಪೂಜಿ" ಎಂದು ಬರೆದೆ.

ಶೈಲಾ ಕೈಯೊರೆಸಿಕೊಳ್ಳುತ್ತ ಹೊರಬರುವ ಹೊತ್ತಿಗೆ ಪರದೆ ತಾನೇ ಆರಿತ್ತು.

"ಅಯ್ಯ, ತಗದಬಿಟ್ಟೇನು?"

"ಕಣ್ಣ ಮುಚ್ಚಿದ ದೇವರಿಗೆ ಯಾರ ಪೂಜಿ ಮಾಡ್ತಾರಬೇ?"

ಅವಳು ನಕ್ಕಳು. ಮುಚ್ಚಲು ಕೈ ಚಾಚಿದಾಗ ಅವ್ವ ತಡೆದಳು. ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಹಂಚುವವರೆಗೂ ಅಲುಗಿಸಬಾರದು. ಶೈಲಾ ಕೈ ಹಿಂತೆಗೆದಳು. ನನ್ನ ಸ್ಟೇಟಸ್ಸು ಅವಳು ನೋಡುವವಳಲ್ಲ. "ನೀ ದಿನಾ ಎತ್ತಿನ ಫೋಟೋ ಹಾಕ್ತಿ, ಅದರಾಗ ಏನ ನೋಡೂದು" ಎನ್ನುತ್ತಿದ್ದಳು. ಒಂದು ದಿನ ಕಳೆದು ಆ ಫೋಟೋ ತಾನೇ ಮಾಯವಾಯಿತು. ನಾನು ಮರೆತೆ.

ಬನ್ನಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ಮಾತುಗಳು ಬರತೊಡಗಿದವು. ಮೊದಲು ಹೊಗೆಯಂತೆ. ಒಂದು ಮನೆಯವರು ಫೋನು ಮಾಡಿ, "ನಮ್ಮ ಹುಡುಗೀನ ಮೊದಲ ಒಬ್ಬರು ಒಲ್ಲೆ ಅಂದಿದ್ದು ಈಗ ನೋಡಾಕ ಬಂದಾವ್ರಿಗೆ ಹೆಂಗ ಗೊತ್ತಾತ್ರಿ?" ಎಂದರು. ಇನ್ನೊಬ್ಬರು ಏನೂ ಹೇಳದೆ ಮಗನ ಹೆಸರು ತೆಗೆಸಿದರು. ನಮ್ಮ ಕಡೆ ಯಾರು ಯಾರ ಮನೆಗೆ ಹೆಣ್ಣು ನೋಡಲು ಹೋಗಿ ಚುರುಮುರಿ ತಿಂದು ಬಂದರು, ಆಮೇಲೆ ಏನಂದರು ಎನ್ನುವುದು ಹುಡುಗಿಗೆ ಹತ್ತುವ ಮಸಿ. ಬಾಗಿಲೊಳಗೆ ನಡೆದದ್ದು ಬಾಗಿಲೊಳಗೇ ಇರಬೇಕು. ಅದು ಹೊರಗೆ ಬರುತ್ತಿತ್ತು.

ನನಗೆ ಎಲ್ಲರ ಮೇಲೂ ಸಂಶಯ ಹುಟ್ಟಿತು. ಚಹಾದ ಅಂಗಡಿಯಲ್ಲಿ ಯಾರಾದರೂ ದನಿ ತಗ್ಗಿಸಿದರೆ ನಮ್ಮದೇ ಮಾತು ಅನ್ನಿಸುತ್ತಿತ್ತು. ಯರಗುಪ್ಪಿಯ ಬಸಲಿಂಗ ಕಾಕಾ ಮೊದಲಿನಿಂದ ಈ ಭಾಗದಲ್ಲಿ ಸಂಬಂಧ ಕೂಡಿಸುವವನು, ಮದುವೆಗಳಲ್ಲಿ ಮೊದಲ ಪಂಕ್ತಿಯ ಮನುಷ್ಯ. ನಮ್ಮ ಜಾಲತಾಣ ಬಂದ ಮೇಲೆ ಅವನ ಚೀಲ ಹಗುರಾಗಿತ್ತು. ಅವನ ಮೇಲೆ ಸಂಶಯಪಟ್ಟೆ. ಆದರೆ ಅವನಿಗೆ ನಮ್ಮ ಕೋಣೆಯೊಳಗೆ ದಾರಿ ಎಲ್ಲಿ? ಆಗ ಕಣ್ಣು ರೇಣುಕಾಳ ಮೇಲೆ ತಿರುಗಿತು.

ಒಮ್ಮೆ ತಿರುಗಿದ ಕಣ್ಣಿಗೆ ಎಲ್ಲವೂ ಸಾಕ್ಷಿ. ಫೋನು ಬಂದರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ಯಾಕೆ? ಮಾತಾಡುವಾಗ ಬೆನ್ನು ನಮ್ಮ ಕಡೆ. ಯಾಕೆ? ಬಸ್‌ಸ್ಟ್ಯಾಂಡಿನಲ್ಲಿ ಬಸಲಿಂಗ ಕಾಕಾ ತನ್ನ ಫೋನನ್ನು ಅವಳ ಕೈಗೆ ಕೊಟ್ಟು ಏನೋ ಕೇಳುತ್ತಿದ್ದುದನ್ನು ನಾನೇ ಕಂಡೆ. ಕೇಳಿದರೆ, "ಅಕ್ಷರ ಸಣ್ಣವಾಗ್ಯಾವು, ದೊಡ್ಡವ ಮಾಡಿಕೊಡವ್ವಾ ಅಂದ್ರು, ಮಾಡಿಕೊಟ್ಟೆ" ಎಂದಳು. ಆ ಮಾತು ನಂಬಲು ನನಗೆ ಮನಸ್ಸಿರಲಿಲ್ಲ. ಬೇರೆ ಓಣಿಯ ಹುಡುಗಿಯನ್ನು ಸಂಶಯಿಸುವುದು ನನಗೆ ಎಷ್ಟು ಸಲೀಸಾಗಿತ್ತು ಎಂಬುದನ್ನು ಈಗ ಬರೆಯುವಾಗ ಕೈ ನಿಲ್ಲುತ್ತದೆ. ಅವಳ ಜಾಗದಲ್ಲಿ ನಮ್ಮ ಮಠದ ಓಣಿಯ ಹುಡುಗಿ ಇದ್ದಿದ್ದರೆ ನಾನು ಇನ್ನೂ ಎರಡು ಸಲ ವಿಚಾರ ಮಾಡುತ್ತಿದ್ದೆ.

ಒಂದು ಪರೀಕ್ಷೆಯನ್ನೂ ಮಾಡಿದೆ. ಇಲ್ಲದ ಸುದ್ದಿಯೊಂದನ್ನು ಹುಟ್ಟಿಸಿ ಅವಳ ಕಿವಿಗೆ ಮಾತ್ರ ಹಾಕಿದೆ. ನವಲಗುಂದದ ಕಡೆಯ ಒಂದು ಮನೆಯವರು ಹುಡುಗಿಗೆ ಕಾಲು ಊನ ಎಂದು ಬಿಟ್ಟರಂತೆ ಎಂದೆ. "ಅಯ್ಯ ಪಾಪ. ಯಾರ ಮುಂದೂ ಅನ್ನಬ್ಯಾಡ್ರಿ ಅಣ್ಣಾರ" ಎಂದಳು. ಎಷ್ಟು ಕಾದರೂ ಆ ಮಾತು ಎಲ್ಲಿಂದಲೂ ನನಗೆ ತಿರುಗಿ ಬರಲಿಲ್ಲ. ಪರೀಕ್ಷೆಯಲ್ಲಿ ಅವಳು ಗೆದ್ದಿದ್ದಳು. ಅದನ್ನು ನಾನು ತಂಗಿಗೆ ಹೇಳಲೇ ಇಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡದ್ದನ್ನು ಮಾತ್ರ ಅಂದೇ ಹೇಳಿದ್ದೆ.

ಕೊನೆಗೆ ಒಂದು ದಿನ ಫಕೀರಪ್ಪ ಎಂಬ ರೈತ ನಮ್ಮ ಬಾಗಿಲಿಗೆ ಬಂದ. ಅವನ ಮಗಳ ಫೋಟೋ ತೆಗೆದವನು ನಾನೇ. ಅವಳಿಗೆ ಅಂದು ವೀಳ್ಯ ಬದಲಿಸುವ ಶಾಸ್ತ್ರ ನಿಗದಿಯಾಗಿತ್ತು. ಆ ಮುಂಜಾನೆ ಗಂಡಿನವರು ಬರಲಿಲ್ಲ. ಅವರ ಫೋನಿಗೆ ಯಾರೋ ಅವಳ ಫೋಟೋ ಕಳಿಸಿ, ಇವಳನ್ನು ಮೊದಲು ಯಾರು ಯಾರು ನೋಡಿ ಬಿಟ್ಟರು ಎಂದು ಸಾಲು ಸಾಲಾಗಿ ಬರೆದಿದ್ದರು. ಫಕೀರಪ್ಪ ಪಡಸಾಲೆಯೊಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ನಿಂತು ಫೋನು ಮುಂದೆ ಹಿಡಿದ.

"ಇದು ನಿಮ್ಮ ಮನ್ಯಾಗಿಂದ ಹ್ವಾದದ್ದ ಹೌದೋ ಅಲ್ಲೋ, ನೋಡವಾ. ಇಷ್ಟ ಹೇಳು ಸಾಕು, ನಾ ಹೊಕ್ಕೇನಿ."

ಶೈಲಾ ನೋಡಿದಳು. ಮೂಲೆಯಲ್ಲಿ ನಮ್ಮ ಗುರುತು ಇರಲಿಲ್ಲ. ಗುರುತು ಹಚ್ಚುವ ಮೊದಲಿನ, ಕಟ್ಟೆಯ ಮೇಲಿನ ಫೋಟೋ ಅದು.

"ಹೌದ್ರಿ" ಎಂದಳು.

ಫಕೀರಪ್ಪ ತಲೆಯಾಡಿಸಿದ. "ನನ್ನ ಮಗಳು ಮುಂಜಾನಿಂದ ಸೀರಿ ಬದಲಿ ಮಾಡವಲ್ಲಳು" ಎಂದಷ್ಟೇ ಹೇಳಿ ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು.

ಶೈಲಾ ಮೇಜಿಗೆ ಕೂತು ಮೊದಲು ಆ ಕೀಲಿಕೈಯನ್ನು ರದ್ದು ಮಾಡಿದಳು. ಆಮೇಲೆ ಕಟ್ಟೆ ತೆರೆದು ನೋಡಿದಳು. ಹಬ್ಬಕ್ಕೂ ಮೊದಲಿನಿಂದ ಬಂದ ಫೋಟೋಗಳೆಲ್ಲ ಅಲ್ಲೇ ರಾಶಿಯಾಗಿ ಬಿದ್ದಿದ್ದವು.

"ಅಣ್ಣಾ, ದಿನಾ ಅಳಿಸ್ತಿದ್ದೆಲ್ಲ?"

"ಒಂದೊಂದ ದಿನ ಮರತಿರಬೇಕು" ಎಂದೆ. ಅವಳು ನನ್ನನ್ನು ದಿಟ್ಟಿಸಿದಳು. ಯಾರು ಒಳಗೆ ಬಂದರು, ಹೋದರು ಎಂದು ದಾಖಲಾಗುವ ವ್ಯವಸ್ಥೆಯನ್ನು ಅವಳೂ ಹಚ್ಚಿರಲಿಲ್ಲ. ಕೀಲಿಕೈ ಕೊನೆಗೆ ಬಳಕೆಯಾದ ದಿನವಷ್ಟೇ ಕಂಡಿತು. ರವಿವಾರ. ಆ ರವಿವಾರ ಹದ ಬಂದಿತ್ತು. ನಾನು, ಶೈಲಾ, ಅವ್ವ ಮೂವರೂ ಹೊಲದಲ್ಲಿ ಜೋಳ ಬಿತ್ತುತ್ತಿದ್ದೆವು.

ಹಾಗಾದರೆ ಉಳಿದವರು ಯಾರು?

ರೇಣುಕಾ ಬಂದಾಗ ಶೈಲಾ ದನಿ ಏರಿಸದೆ ಕೇಳಿದಳು. "ರವಿವಾರ ನೀ ಕೆಲಸಾ ಮಾಡಿದೇನು?"

"ಇಲ್ಲಲ್ಲ. ಕಲಘಟಗಿಗೆ ಹೋಗಿದ್ದೆ."

"ಯಾಕ?"

ರೇಣುಕಾ ತಡವರಿಸಿದಳು. ಕಲಘಟಗಿ ಹತ್ತಿರದ ಸೋದರಮಾವನ ಊರು ತಂಬೂರಿನಲ್ಲಿ ಅವಳಿಗೊಂದು ಗಂಡು ನೋಡುತ್ತಿದ್ದರು, ಆ ಮಾತಿಗೆ ಹೋಗಿದ್ದಳು ಎಂದು ನಮಗೆ ತಿಳಿದದ್ದು ಆಮೇಲೆ. ಅಂದು ಅವಳು, "ಸ್ವಂತ ಕೆಲಸಾ ಇತ್ತು" ಎಂದಳು. ಬೇರೆಯವರ ಸಂಬಂಧದ ಗುಟ್ಟನ್ನು ದಿನವಿಡೀ ಕಾಯುವವಳಿಗೆ ತನ್ನದನ್ನು ಕಾಯುವ ಹಕ್ಕಿರಲಿಲ್ಲವೇ?

"ಬಸಲಿಂಗ ಕಾಕಾನ ಕೂಡ ನಿನ್ನ ಮಾತೇನು?"

ರೇಣುಕಾ ಶೈಲಾಳನ್ನು ನೋಡಿದಳು, ಆಮೇಲೆ ನನ್ನನ್ನು. ಎಲ್ಲಿಂದ ಬಂದ ಮಾತು ಎಂದು ಅವಳಿಗೆ ತಿಳಿಯಿತು. "ಶೈಲೂ, ನೀ ಕೇಳಾಕತ್ತಿಯೋ, ನಿಮ್ಮಣ್ಣ ಕೇಳಾಕತ್ತಾರೋ?" ಎಂದಳು. ಶೈಲಾ ಮುಖವನ್ನು ಪರದೆಗೆ ತಿರುಗಿಸಿದಳು. ರೇಣುಕಾ ತನ್ನ ನೀರಿನ ಬಾಟಲಿ ಎತ್ತಿಕೊಂಡು ಹೊರಟಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಹೋಗಲು ನಾನು ಬದಿಗೆ ಸರಿಯಬೇಕಾಯಿತು, ಸರಿದೆ.

ಆ ಸಂಜೆ ಗಂಗವ್ವ ಬಂದಳು. ಮಗಳು ಅಳುತ್ತಿದ್ದಾಳೆ, ಕೇಳಿದರೆ ಹೇಳುತ್ತಿಲ್ಲ, ಏನಾಯಿತು ಎಂದು ಅಂಗಳದಲ್ಲಿ ನಿಂತು ಕೇಳಿದಳು. ಶೈಲಾ ಒಳಗೆ ಮಲಗಿದ್ದಳು. ನಾನು ಏನೋ ಗೊಣಗಿದೆ. ಗಂಗವ್ವ ಕಿವಿಗೆ ಕೈ ಹಿಡಿದು, "ಏನಂತ?" ಎಂದಳು. ಎರಡನೆಯ ಸಲ ಹೇಳಿದರೂ ಕೇಳಿಸಲಿಲ್ಲ. ಆಗ ನಾನು ಗಟ್ಟಿಯಾಗಿ ಕೂಗಿದೆ.

"ನಿನ್ನ ಮಗಳು ಮಂದಿ ಹೆಣಮಕ್ಕಳ ಫೋಟೋ ಕದ್ದ ಹೊರಗ ಕೊಟ್ಟಾಳ!"

ಎದುರು ಮನೆಯ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದವರು ಕೇರುವ ಮೊರ ನಿಲ್ಲಿಸಿದರು. ಗಂಗವ್ವ ಕಿವಿಯಿಂದ ಕೈ ಇಳಿಸಿದಳು. ಈ ಸಲ ಕೇಳಿಸಿತ್ತು.

ರೇಣುಕಾ ಹೋದ ಮೇಲೆ ಗುಟ್ಟು ಹೊರಗೆ ಬೀಳುವುದು ನಿಂತಿತು. ಅಂದೇ ಕೀಲಿಕೈ ರದ್ದಾಗಿತ್ತು, ಅದಕ್ಕೇ ನಿಂತದ್ದು. ಆದರೆ ಶೈಲಾಳ ಮನಸ್ಸು ಎರಡನ್ನೂ ಕೂಡಿಸಿ ಒಂದು ಲೆಕ್ಕ ಹಾಕಿತು. "ಆಕೀನ ಇರಬೇಕಣ್ಣಾ" ಎಂದು ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದಳು. ಹೇಳಿ, ಆ ತುಂಡನ್ನು ತಿನ್ನದೆ ತಾಟಿನಲ್ಲೇ ಇಟ್ಟಳು.

ದೀಪಾವಳಿಯ ಮುಂದೆ ಹೂ ತರಲು ಪೇಟೆಗೆ ಹೋದಾಗ ಬಸಲಿಂಗ ಕಾಕಾ ಚಹಾದ ಅಂಗಡಿಯಲ್ಲಿ ಸಿಕ್ಕ. ತಾನೇ ಕರೆದ.

"ಬಾರಲೇ ಈರಣ್ಣಾ, ಕುಂಡ್ರು. ಏನ್ಪಾ, ಅಂಗಡಿ ಹೆಂಗ ನಡದೈತಿ?"

"ನಡದೈತಿ ಕಾಕಾ."

"ನಡೀತೈತಿ, ನಡೀತೈತಿ. ಮೊದಲ ನಾವು ಮನಿ ಮನಿ ನೀರ ಕುಡದು ಸಂಬಂಧ ಕೂಡಸ್ತಿದ್ವಿ. ಈಗ ಗುಂಡಿ ಒತ್ತಿದ್ರ ಬೀಗರು." ಬಶಿಯಲ್ಲಿ ಚಹಾ ಆರಿಸಿಕೊಂಡ. "ಆದ್ರ ಒಂದ ಹೇಳ್ತೇನಿ ನೋಡು. ಖಂಡೇಪೂಜಿ ಮಾತ್ರ ಅಗದಿ ಭರ್ಜರಿ ಮಾಡಿದ್ದಿ. ನಿನ್ನ ಸ್ಟೇಟಸ್ ನೋಡಿ ನಮ್ಮ ಅಳಿಯಾ ಭಾಳ ಹೊಗಳಿದ. ಕಂಪ್ಯೂಟರ್ ಕಲ್ತಾಂವ ಅಂವಾ, ಅಂಥಾವೆಲ್ಲಾ ತಿಳೀತಾವು. ಫೋಟೋ ಎಟ್ಟ ಕ್ಲಿಯರ ಬಂದೈತಿ ಮಾಮಾ, ಅಂದ."

ಹಾಗೆಂದು ನನ್ನ ಕಡೆ ನೋಡದೆ ಬಶಿ ಬಾಯಿಗೆ ಹಚ್ಚಿದ. ಅವನು ಬೇಕೆಂದೇ ಹೇಳಿದನೋ, ಬಾಯಿ ತಪ್ಪಿ ಬಂತೋ, ಇಂದಿಗೂ ತಿಳಿಯದು. ಅವನ ಅಳಿಯನ ಮೇಲೆ ನನ್ನಲ್ಲಿ ಪುರಾವೆಯಿಲ್ಲ. ಆದರೆ ನನ್ನ ಮೇಲೆ ಇತ್ತು.

ಹೂವಿನ ಅಂಗಡಿಯ ಹಿಂದೆ ಹೋಗಿ ಫೋನು ತೆಗೆದೆ. ಆ ಫೋಟೋ ಇನ್ನೂ ಇತ್ತು. ಎರಡು ಬೆರಳಿನಿಂದ ಹಿಗ್ಗಿಸಿದೆ. ವಿಭೂತಿಯ ಮೂರು ಗೆರೆಯ ಕೆಳಗೆ ಅಕ್ಷರ, ಅಂಕಿ, ಅಕ್ಷರ, ಒಂದೊಂದೂ ಮುತ್ತಿನಂತೆ ಸ್ಪಷ್ಟ. ಕುಂಕುಮ ಸ್ವಲ್ಪ ಕೆಳಗೆ ಜಾರಿದ್ದರೆ ಆ ಸಾಲು ಮುಚ್ಚಿಹೋಗುತ್ತಿತ್ತು.

ನಾನು ಮಾಡಿದ ಮೊದಲ ಕೆಲಸ, ಆ ಫೋಟೋ ಅಳಿಸಿದ್ದು. ದಿನಾ ಅಳಿಸಬೇಕಾದದ್ದನ್ನು ಅಳಿಸದೆ ಬಿಟ್ಟವನು, ಇಟ್ಟುಕೊಂಡು ತೋರಿಸಬೇಕಾದ ಒಂದನ್ನು ಗಳಿಗೆಯೂ ತಡೆಯದೆ ಅಳಿಸಿದೆ.

ಮನೆಗೆ ಹೋಗಿ ಹೇಳಬೇಕು ಎಂದುಕೊಂಡೆ. ದೀಪಾವಳಿ ಮುಗಿಯಲಿ ಎಂದುಕೊಂಡೆ. ಆಮೇಲೆ ಕಡಲೆ ಹೂ ಬಿಟ್ಟಿತು, ಜೋಳ ತೆನೆ ಕಟ್ಟಿತು, ಎಳ್ಳಮಾಸಿಗೆ ಹೊಲದ ಪೂಜೆ ಮಾಡಿ ಚರಗ ಚೆಲ್ಲಿದೆವು. ಪ್ರತಿ ಸಲವೂ ಇದು ಮುಗಿಯಲಿ ಎನ್ನುತ್ತಿದ್ದೆ. ಅಷ್ಟರಲ್ಲಿ ಗಂಗವ್ವ ಮನೆಗೆ ಕೀಲಿ ಹಾಕಿ ಮಗಳೊಡನೆ ತಂಬೂರಿಗೆ ಹೋದಳು. ಓಣಿಯಲ್ಲಿ ತಲೆಯೆತ್ತಿ ನಡೆಯಲಾಗಲಿಲ್ಲವಂತೆ. ರೇಣುಕಾಳ ಆ ಸಂಬಂಧ ಮುರಿಯಿತೆಂದು ಆಮೇಲೆ ಯಾರೋ ಹೇಳಿದರು. ಯಾಕೆ ಮುರಿಯಿತು ಎಂದು ನಾನು ಕೇಳಲಿಲ್ಲ. ಶೈಲಾ ಮತ್ತೆ ಯಾರನ್ನೂ ಜೊತೆಗೆ ಸೇರಿಸಿಕೊಳ್ಳಲಿಲ್ಲ. ಕಟ್ಟೆಗೆ ತಾನೇ ಖಾಲಿಯಾಗುವ ನಿಯಮ ಹಾಕಿದಳು. ನನಗೊಂದು, ತನಗೊಂದು ಬೇರೆ ಬೇರೆ ಕೀಲಿಕೈ ಮಾಡಿದಳು. ಪಡಸಾಲೆಯಲ್ಲಿ ಎರಡನೆಯ ಕುರ್ಚಿ ಮಾತ್ರ ಹಾಗೇ ಇತ್ತು. ಅದರ ಮೇಲೆ ಅವ್ವ ಒಣಗಿದ ಬಟ್ಟೆ ಹಾಕುತ್ತಿದ್ದಳು.

ಈ ವರ್ಷದ ಮಹಾನವಮಿಗೆ, ನಾನು ಹಿತ್ತಲಿನಿಂದ ಒಳಗೆ ಬಂದಾಗ, ಶೈಲಾ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಹೂ ಸರಿಪಡಿಸುತ್ತ ನಕ್ಕಳು. "ಈ ಸಲಾನೂ ದೇವರ ಕಣ್ಣ ತೆರಸಾಂವೇನಣ್ಣಾ?"

"ಆ ಸಲ ನಾ ಫೋಟೋ ತಗದಿದ್ದೆ" ಎಂದೆ.

"ಯಾವ ಫೋಟೋ?"

"ಪರದೆ ಹತ್ತಿದಾಗ. ಸ್ಟೇಟಸ್ಸಿಗೆ ಹಾಕಿದ್ದೆ. ನೀ ಮುಂಜಾನಿ ಮಾಡಿದ ಕೀಲಿಕೈ ಅದರಾಗ ಇತ್ತು."

ಅವಳ ಕೈಯಲ್ಲಿದ್ದ ಹೂ ಅಲ್ಲೇ ನಿಂತಿತು. ಅವಳಿಗೆ ವಿವರಿಸುವ ಅಗತ್ಯವಿರಲಿಲ್ಲ. ನನಗಿಂತ ಮೊದಲೇ ಅವಳು ಕೊನೆಯವರೆಗೂ ಹೋಗಿ ಬಂದಿದ್ದಳು.

"ನಿನಗ ಯಾವಾಗ ಗೊತ್ತಾತು?"

"ದೀಪಾವಳಿ ಮುಂದ."

"ಯಾವ ದೀಪಾವಳಿ?"

"ಆ ವರ್ಷದ್ದು."

ಶೈಲಾ ಅಳಲಿಲ್ಲ, ಬೈಯಲಿಲ್ಲ. "ಎರಡ ಸಲ ಫೋನ್ ಮಾಡಿದ್ಲು ಆಕಿ. ನಾ ಎತ್ತಲಿಲ್ಲ" ಎಂದಳು. ಹೂ ಕೆಳಗಿಟ್ಟು, "ನಾಳೆ ಮುಂಜಾನೆ ಗಾಡಿ ತಗಿ" ಎಂದು ಒಳಗೆ ಹೋದಳು.

ಮರುದಿನ ಬನ್ನಿ. ಅಣ್ಣಿಗೇರಿಯಿಂದ ಹುಬ್ಬಳ್ಳಿ ದಾಟಿ ಕಲಘಟಗಿಯ ಕಡೆ ಹೊರಳಿದಾಗ ಎರೆಮಣ್ಣು ಹೋಗಿ ಕೆಂಪುಮಣ್ಣು ಬಂತು, ಗೋವಿನಜೋಳದ ಹೊಲ, ಭತ್ತದ ಗದ್ದೆ ಬಂದವು. ನನ್ನ ಕಿಸೆಯಲ್ಲಿ ಬನ್ನಿ ಸೊಪ್ಪಿತ್ತು. ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದರೆ ವರ್ಷದ ಜಗಳ ಮುಗಿಯುತ್ತದೆ ಎನ್ನುವುದು ನಮ್ಮ ರೂಢಿ. ಅದರ ಮರೆಯಲ್ಲಿ ಮಾತು ಸಣ್ಣದಾಗಿ ಮುಗಿಸಬಹುದು ಎಂಬ ಆಸೆ ನನಗಿತ್ತು.

ತಂಬೂರಿನ ಆ ಓಣಿಯಲ್ಲಿ ಜನವೋ ಜನ. ಎಲ್ಲರೂ ಬಿಳಿ ಬಟ್ಟೆ ಉಟ್ಟಿದ್ದರು. ಅವರ ಪಾಲಿಗೆ ಅದು ಬೌದ್ಧ ಧರ್ಮಕ್ಕೆ ಸೇರಿದ ದೀಕ್ಷೆಯ ದಿನ. ವಂದನೆ ಮುಗಿಸಿ ಅದೇ ಆಗ ಗುಂಪಾಗಿ ಮರಳಿದ್ದರು. ಇಷ್ಟು ವರ್ಷ ಹಿಂದಿನ ಓಣಿಯಲ್ಲಿ ಇದ್ದವರ ಹಬ್ಬ ಯಾವುದೆಂದು ನಾನು ಅಂದು ತಿಳಿದೆ. ರೇಣುಕಾ ಬಾಗಿಲಿಗೆ ಬಂದಳು, ಬಿಳಿ ಸೀರೆಯಲ್ಲಿ. ಶೈಲಾ ಅವಳ ಎದುರು ನಿಂತು ಅವಳ ಕೈ ಹಿಡಿದಳು. ರೇಣುಕಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ನಾನು ಬನ್ನಿ ಸೊಪ್ಪು ಚಾಚಿದೆ.

"ಅದ ಆಮ್ಯಾಲ್ರಿ ಅಣ್ಣಾರ. ಏನ ಬಂದದ್ದು?"

ನಾನು ದನಿ ತಗ್ಗಿಸಿ, ಒಬ್ಬರಿಗಷ್ಟೇ ಕೇಳುವಂತೆ ಎಲ್ಲವನ್ನೂ ಹೇಳಿದೆ. ಪೂಜೆ, ಫೋಟೋ, ಚಹಾದ ಅಂಗಡಿ, ಅಳಿಸಿದ್ದು. ಅವಳು ನೆಲ ನೋಡುತ್ತ ಕೇಳಿಸಿಕೊಂಡಳು. ಬಾಗಿಲ ಬದಿಯ ಕಟ್ಟೆಯ ಮೇಲೆ ಗಂಗವ್ವ ಕೂತಿದ್ದಳು. ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು.

"ನನಗ ಕೇಳಸ್ತು" ಎಂದಳು ರೇಣುಕಾ. "ನಮ್ಮವ್ವಗ ಹೇಳ್ರಿ. ಆವತ್ತ ಆಕಿಗೆ ಕೇಳೂಹಂಗ ಹೇಳಿದಾವ್ರು ನೀವ."

ನಾನು ಗಂಗವ್ವನ ಮುಂದೆ ಹೋಗಿ ಮೊಣಕಾಲೂರಿ ಕೂತೆ. "ತಪ್ಪಾತವಾ" ಎಂದೆ. ಅವಳು ಕಿವಿಗೆ ಕೈ ಹಿಡಿದಳು.

"ಏನಂತ?"

ಓಣಿಯ ಜನ ನಿಂತರು. ನಾನು ಎದ್ದು ನಿಂತೆ, ಉಸಿರು ಎಳೆದುಕೊಂಡೆ, ಇದ್ದಷ್ಟು ದನಿ ತೆಗೆದು ಕೂಗಿದೆ.

"ಗಂಗವ್ವಾ, ನಿನ್ನ ಮಗಳು ಏನೂ ಕದ್ದಿಲ್ಲ! ಕೀಲಿಕೈ ಊರಿಗೆಲ್ಲಾ ತೋರಿಸಿದಾಂವ ನಾನು! ಗೊತ್ತಾದ ಮ್ಯಾಲೂ ಬಾಯಿ ಮುಚಗೊಂಡ ಕುಂತಾಂವ ನಾನು! ರೇಣುಕಾ, ಗಂಗವ್ವಾ, ತಪ್ಪ ನಂದು, ನನ್ನ ಮಾಫ ಮಾಡ್ರಿ!"